ದೂರದ ಧೂಮಕೇತು ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಶುರುವಿಗೆ, ಬೆಂಗಳೂರಿನ ಎಷ್ಟೋ ಟೆರೇಸುಗಳ ಮೇಲೆ ಬೆಳಗಿನ ಜಾವ ಜನ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರು. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಿತ್ತು. "80,000 ವರ್ಷಕ್ಕೊಮ್ಮೆ ಬರುವ ಅತಿಥಿ" ಅಂತ ಎಲ್ಲ ಕಡೆ ಸುದ್ದಿ. ಕೆಳಗಿನ ಮನೆಯ ಏಳನೇ ಕ್ಲಾಸಿನ ಹುಡುಗಿ ನನ್ನ ಬೈನಾಕ್ಯುಲರ್‌ನಿಂದ ಕಣ್ಣು ತೆಗೆಯದೆಯೇ ಕೇಳಿದಳು: "ಅಂಕಲ್, ಹೋದ ಸಲ ಬಂದಾಗ ಬರೆದಿಟ್ಟುಕೊಂಡವರು ಯಾರು?"

ಯಾರೂ ಬರೆದಿಟ್ಟಿರಲಿಲ್ಲ. ಮತ್ತೆ ಆ ಸಂಖ್ಯೆ ಬಂದದ್ದೆಲ್ಲಿಂದ? ಅವತ್ತಿನಿಂದ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಬರುತ್ತಲೇ ಇದೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಚುಕ್ಕೆ ನೋಡಿ ಅದರ ಊರು ಹೇಳಿಬಿಡ್ತಾರಾ?

ಒಂದು ಚುಕ್ಕೆಯಿಂದ ಏನೂ ಹೇಳಲಾಗದು. ದೂರದರ್ಶಕಕ್ಕೆ ಸಿಗುವುದು ದಿಕ್ಕು ಮಾತ್ರ: ಇಂಥ ದಿನ, ಇಷ್ಟು ಹೊತ್ತಿಗೆ, ಆಕಾಶದಲ್ಲಿ ಈ ಜಾಗ. ದೂರ ಅದರಲ್ಲಿ ಇರುವುದಿಲ್ಲ, ವೇಗವೂ ಇರುವುದಿಲ್ಲ. ಹಾಗಾಗಿ ಬೇರೆ ಬೇರೆ ದಿನಗಳ ಹಲವು ಚುಕ್ಕೆಗಳು ಬೇಕು. ಆಮೇಲೆ ಸೂರ್ಯನ ಗುರುತ್ವದಲ್ಲಿ ಓಡುವ ಯಾವ ದಾರಿ ಹಿಡಿದರೆ ಈ ಎಲ್ಲ ಚುಕ್ಕೆಗಳೂ ಅದರ ಮೇಲೆ ಕೂರುತ್ತವೆ ಎಂದು ಹುಡುಕಬೇಕು.

ಒಂದು ನಿಜವಾದ ಉದಾಹರಣೆ ಕೊಡ್ತೀರಾ?

ಕೊಡುತ್ತೇನೆ. ಮುಂದಿನ ಉತ್ತರಗಳಲ್ಲೂ ಹೆಚ್ಚಾಗಿ ಇದನ್ನೇ ಹಿಡಿದುಕೊಂಡು ಹೋಗುತ್ತೇನೆ. ಹೆಸರು ಸಿ/2014 ಯುಎನ್271, ಕರೆಯುವ ಹೆಸರು ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್. ಹೆಸರನ್ನು ಬಿಡಿಸಿದರೆ ಅರ್ಧ ಕಥೆ ಅಲ್ಲೇ ಇದೆ. 2014 ಮೊದಲು ಚಿತ್ರದಲ್ಲಿ ಸಿಕ್ಕ ವರ್ಷ. ಯು ಎಂದರೆ ಅಕ್ಟೋಬರ್ 16ರಿಂದ 31ರವರೆಗಿನ ಅರ್ಧ ತಿಂಗಳು. ಎನ್ ಮತ್ತು 271 ಸೇರಿದರೆ ಆ ಅರ್ಧ ತಿಂಗಳ ಪಟ್ಟಿಯಲ್ಲಿ ಇದರ ಕ್ರಮಸಂಖ್ಯೆ. ಐ ಅಕ್ಷರ ಬಿಟ್ಟು ಎಣಿಸಿದರೆ ಎನ್ ಹದಿಮೂರನೆಯದು. 271ನ್ನು 25ರಿಂದ ಗುಣಿಸಿ 13 ಕೂಡಿದರೆ 6,788. ಮುಂದಿರುವ ಸಿ ಆಮೇಲೆ ಅಂಟಿದ್ದು, ಇದು ಧೂಮಕೇತು ಎಂದು ಖಾತ್ರಿಯಾದ ಮೇಲೆ.

2014ರಲ್ಲಿ ಸಿಕ್ಕಿದ್ದನ್ನು 2021ರಲ್ಲಿ ಯಾಕೆ ಹೇಳಿದರು?

ಸಿಕ್ಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಚಿಲಿ ದೇಶದ ಸೆರ್ರೊ ಟೊಲೊಲೊದಲ್ಲಿ 4 ಮೀಟರಿನ ಬ್ಲಾಂಕೊ ದೂರದರ್ಶಕವಿದೆ. ಅದಕ್ಕೆ 570 ಮೆಗಾಪಿಕ್ಸೆಲ್ ಕ್ಯಾಮೆರಾ ಕಟ್ಟಿ 2013ರಿಂದ 2019ರವರೆಗೆ ಡಾರ್ಕ್ ಎನರ್ಜಿ ಸರ್ವೇ ನಡೆಸಿದರು. ಉದ್ದೇಶ ದೂರದ ಗೆಲಾಕ್ಸಿಗಳು, ಧೂಮಕೇತು ಅಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೆಡ್ರೊ ಬರ್ನಾರ್ಡಿನೆಲ್ಲಿ, ಗ್ಯಾರಿ ಬರ್ನ್‌ಸ್ಟೈನ್ ಇಬ್ಬರೂ ಆಮೇಲೆ ಆ ರಾಶಿಗೆ ಕೈ ಹಾಕಿದರು. ಸುಮಾರು 80,000 ಚಿತ್ರ, ಅವುಗಳಲ್ಲಿ 1,600 ಕೋಟಿಗೂ ಹೆಚ್ಚು ಬೆಳಕಿನ ಚುಕ್ಕೆ. ಬಹುತೇಕ ಎಲ್ಲವೂ ಜಾಗ ಬಿಟ್ಟು ಕದಲದ ನಕ್ಷತ್ರ, ಗೆಲಾಕ್ಸಿ. ಜರಡಿ ಹಿಡಿದಾಗ ನೆಪ್ಚೂನ್‌ನಾಚೆಯ ಕಾಯಗಳು 800ಕ್ಕೂ ಹೆಚ್ಚು ಉಳಿದವು. ಅವುಗಳ ಮಧ್ಯೆ 32 ಚುಕ್ಕೆಗಳು ಒಂದೇ ಕಾಯದವು. ಅದೇ ಇದು.

ಇಲ್ಲಿರುವ ಕಷ್ಟ ಯೋಚಿಸಿ. ಆ ಸರ್ವೇ ಒಂದೇ ಜಾಗವನ್ನು ದಿನಾ ನೋಡುತ್ತಿರಲಿಲ್ಲ. ಇವತ್ತು ಒಂದು ಚಿತ್ರ, ಮುಂದಿನ ತಿಂಗಳು ಇನ್ನೊಂದು, ಆಮೇಲೆ ಒಂದು ವರ್ಷ ಬಿಟ್ಟು ಮತ್ತೊಂದು. ಜಾತ್ರೆಯ ಜನಸಂದಣಿಯ ಹಳೆಯ ಫೋಟೋಗಳಲ್ಲಿ ಒಂದೇ ಮುಖವನ್ನು ಹುಡುಕಿ ಸೇರಿಸಿದ ಹಾಗೆ. ಮುಖಕ್ಕೆ ಗುರುತೂ ಇಲ್ಲ, ಎಲ್ಲವೂ ಬರೀ ಚುಕ್ಕೆ. ಈ ಚುಕ್ಕೆ ಆ ಚುಕ್ಕೆಯೇ ಎನ್ನುವುದಕ್ಕೆ ಇರುವ ಏಕೈಕ ಸಾಕ್ಷಿ, ಎರಡನ್ನೂ ಒಂದೇ ಕಕ್ಷೆ ಹೊಂದಿಸುತ್ತದೆ ಎನ್ನುವುದು. ಅಂದರೆ ಕಕ್ಷೆ ಕೊನೆಯಲ್ಲಿ ಬರುವ ಉತ್ತರವಷ್ಟೇ ಅಲ್ಲ, ಹುಡುಕುವ ಸಾಧನವೂ ಅದೇ. 2021ರ ಜೂನ್‌ನಲ್ಲಿ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ದಕ್ಷಿಣ ಗೋಲಾರ್ಧದ ದೂರದರ್ಶಕಗಳು ಅದರ ಸುತ್ತ ಮಂಜಿನಂಥ ಹೊದಿಕೆ ಕಂಡವು. ಹಳೆಯ ಕಡತ ಕೆದಕಿದಾಗ 2010ರ ಚಿತ್ರದಲ್ಲೂ ಅದು ಸಿಕ್ಕಿತು.

ದೂರ ಗೊತ್ತಾಗುವುದು ಹೇಗೆ? ಟೇಪು ಹಿಡಿಯೋಕಾಗಲ್ವಲ್ಲ.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆಚೀಚೆ ಹಾರುತ್ತದೆ. ಕೈ ದೂರ ಚಾಚಿದಷ್ಟೂ ಹಾರುವುದು ಕಡಿಮೆ. ಇಲ್ಲಿ ಭೂಮಿಯೇ ಆ ಎರಡು ಕಣ್ಣು: ಇವತ್ತು ಸೂರ್ಯನ ಈ ಬದಿ, ಆರು ತಿಂಗಳಿಗೆ ಆ ಬದಿ.

ಭೂಮಿ-ಸೂರ್ಯರ ಸರಾಸರಿ ದೂರ ಸುಮಾರು 15 ಕೋಟಿ ಕಿಲೋಮೀಟರ್. ಇದೇ ಒಂದು ಖಗೋಳಮಾನ, ಮುಂದೆ ಖ.ಮಾ. ಎನ್ನುತ್ತೇನೆ. ಯುಎನ್271 ಮೊದಲು ಸಿಕ್ಕಾಗ ಸುಮಾರು 29 ಖ.ಮಾ. ದೂರದಲ್ಲಿತ್ತು, ಹೆಚ್ಚೂಕಡಿಮೆ ನೆಪ್ಚೂನ್ ಇರುವಷ್ಟು. ಅಷ್ಟು ದೂರದ ವಸ್ತು ಭೂಮಿಯ ಓಡಾಟದ ಕಾರಣಕ್ಕೇ ವರ್ಷದಲ್ಲಿ ಆಚೆಗೆ ಎರಡು ಡಿಗ್ರಿ, ಈಚೆಗೆ ಎರಡು ಡಿಗ್ರಿ ತೂಗಿದ ಹಾಗೆ ಕಾಣುತ್ತದೆ. ಸೂರ್ಯನಿಗೆ ಎದುರು ದಿಕ್ಕಿನಲ್ಲಿದ್ದಾಗ ಗಂಟೆಗೆ ಸುಮಾರು ಐದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು) ಜರುಗುತ್ತದೆ. ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯಲು ಎರಡು ವಾರ ಬೇಕು. ನಮ್ಮ ಕಣ್ಣಿಗೆ ಅದು ನಿಂತೇ ಇದೆ. ಆ ಕ್ಯಾಮೆರಾಕ್ಕೆ ಮಾತ್ರ ಗಂಟೆಗೆ ಇಪ್ಪತ್ತು ಪಿಕ್ಸೆಲ್ ಓಟ.

ಕಕ್ಷೆ ಅಂದರೆ ಕೊನೆಗೆ ಎಷ್ಟು ಸಂಖ್ಯೆ?

ಆರು. ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದುವಿನ ದೂರ (ಇದನ್ನು ಪುರರವಿ ಎನ್ನುತ್ತಾರೆ), ಅಲ್ಲಿಗೆ ಬರುವ ದಿನ, ದಾರಿ ಎಷ್ಟು ಉದ್ದಕ್ಕೆ ಎಳೆದಂತಿದೆ ಎಂದು ಹೇಳುವ ಉತ್ಕೇಂದ್ರತೆ, ಜೊತೆಗೆ ಆ ದಾರಿ ಆಕಾಶದಲ್ಲಿ ಎತ್ತ ವಾಲಿ ಕೂತಿದೆ ಎನ್ನುವ ಮೂರು ಕೋನ. ಪ್ರತಿ ವೀಕ್ಷಣೆ ಎರಡು ಅಳತೆ ಕೊಡುತ್ತದೆ, ಆದ್ದರಿಂದ ಲೆಕ್ಕದ ಪ್ರಕಾರ ಮೂರು ವೀಕ್ಷಣೆ ಸಾಕು. 1801ರಲ್ಲಿ ಆಗಷ್ಟೇ ಸಿಕ್ಕಿದ್ದ ಸೀರೀಸ್ ಎಂಬ ಪುಟ್ಟ ಗ್ರಹ ಕಣ್ಮರೆಯಾದಾಗ ಗಣಿತಜ್ಞ ಗೌಸ್ ಕೆಲವೇ ವಾರಗಳ ವೀಕ್ಷಣೆಯಿಂದ ಅದರ ಕಕ್ಷೆ ಕಟ್ಟಿಕೊಟ್ಟ. ವರ್ಷದ ಕೊನೆಗೆ ಅದು ಅವನು ಹೇಳಿದ ಜಾಗದ ಪಕ್ಕದಲ್ಲೇ ಸಿಕ್ಕಿತು. ಧೂಮಕೇತುಗಳಿಗೆ ಅದಕ್ಕೂ ಮುಂಚೆ, 1797ರಲ್ಲೇ, ಓಲ್ಬರ್ಸ್ ಒಂದು ಸುಲಭದ ದಾರಿ ಹಾಕಿಕೊಟ್ಟಿದ್ದ: ದಾರಿ ಪರವಲಯ ಎಂದು ಇಟ್ಟುಕೊಂಡುಬಿಡಿ, ಉತ್ಕೇಂದ್ರತೆ 1, ಇನ್ನು ಐದೇ ಹುಡುಕಿ.

ಈಗ ಯಾರೂ ಮೂರಕ್ಕೆ ನಿಲ್ಲುವುದಿಲ್ಲ. ನೂರಾರು ವೀಕ್ಷಣೆ ಹಾಕಿ, ಎಲ್ಲದರ ತಪ್ಪೂ ಒಟ್ಟಾರೆ ಅತಿ ಕಡಿಮೆ ಆಗುವ ಕಕ್ಷೆ ತೆಗೆಯುತ್ತಾರೆ. ಯುಎನ್271ಕ್ಕೆ ಬಂದದ್ದು: ಪುರರವಿ ಸುಮಾರು 10.95 ಖ.ಮಾ., ಅಲ್ಲಿಗೆ ತಲುಪುವುದು 2031ರ ಜನವರಿಯಲ್ಲಿ, ಗ್ರಹಗಳು ಸುತ್ತುವ ಸಮತಲಕ್ಕೆ 95 ಡಿಗ್ರಿ ಓರೆ. ಅಂದರೆ ಗ್ರಹಗಳ ತಟ್ಟೆಯನ್ನು ನೆಟ್ಟಗೆ ಸೀಳಿಕೊಂಡು ಬರುತ್ತಿದೆ.

ಉತ್ಕೇಂದ್ರತೆ 1ಕ್ಕಿಂತ ಹೆಚ್ಚಿದ್ದರೆ ಸೌರವ್ಯೂಹದ ಹೊರಗಿನದು ಅಂತ ಓದಿದ್ದೆ. ಸರಿನಾ?

ಅರ್ಧ ಸರಿ. ಉಳಿದರ್ಧದಲ್ಲೇ ಮಜಾ ಇರುವುದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಉತ್ಕೇಂದ್ರತೆ 1ಕ್ಕಿಂತ ಕಡಿಮೆ ಇದ್ದರೆ ದೀರ್ಘವೃತ್ತ, ವಸ್ತು ಮತ್ತೆ ಬರುತ್ತದೆ. ಸರಿಯಾಗಿ 1 ಇದ್ದರೆ ಪರವಲಯ. ಹೆಚ್ಚಿದ್ದರೆ ಅತಿಪರವಲಯ, ಹೋದದ್ದು ಹೋದಂತೆಯೇ. ಪುಸ್ತಕದಲ್ಲಿ ಇಷ್ಟು. ಆದರೆ ದೂರದಿಂದ ಬರುವ ಧೂಮಕೇತುಗಳೆಲ್ಲ ಈ 1ರ ಹೊಸ್ತಿಲ ಮೇಲೇ ನಿಂತಿರುತ್ತವೆ. ಒಳಗೋ ಹೊರಗೋ ಎಂದು ಹೇಳಲು ಕೂದಲೆಳೆಯಷ್ಟು ಜಾಗ.

ಆ ಕೂದಲೆಳೆ ಎಷ್ಟು ದಪ್ಪ ಅಂತ ನೋಡೋಣ. 29 ಖ.ಮಾ. ದೂರದಲ್ಲಿ ಸೂರ್ಯನಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ನಮ್ಮ ಧೂಮಕೇತು ಅದಕ್ಕಿಂತ ಎಷ್ಟು ನಿಧಾನ? ಕಾಗದ ಪೆನ್ನು ಹಿಡಿದು ನಾನೇ ಹಾಕಿ ನೋಡಿದೆ: ಸೆಕೆಂಡಿಗೆ ಮೂರು ಮೀಟರ್ ಸಹ ಇಲ್ಲ. 7,800 ಮೀಟರಿನಲ್ಲಿ ಮೂರು ಮೀಟರ್.

ಈಗ ಸೂರ್ಯನ ಕಡೆ ತಿರುಗಿ. ಸೂರ್ಯ ಕಂಬದ ಹಾಗೆ ನಿಂತಿಲ್ಲ. ಮಗುವಿನ ಕೈ ಹಿಡಿದು ಗಿರಗಿರ ತಿರುಗಿಸುವ ಅಪ್ಪನನ್ನು ನೋಡಿ, ಅವನೂ ಹಿಂದೆ ಮುಂದೆ ವಾಲುತ್ತಿರುತ್ತಾನೆ. ಗುರು ಗ್ರಹ ಒಂದರಿಂದಲೇ ಸೂರ್ಯ ಸೆಕೆಂಡಿಗೆ ಹನ್ನೆರಡು ಮೀಟರಿಗೂ ಹೆಚ್ಚು ವೇಗದಲ್ಲಿ ಓಲಾಡುತ್ತದೆ. ಅಳೆಯಬೇಕಾದದ್ದು ಮೂರು ಮೀಟರ್, ಅಳತೆಗೋಲಿನ ಬುಡವೇ ಹನ್ನೆರಡು ಮೀಟರ್ ಅಲ್ಲಾಡುತ್ತಿದೆ! ಸೂರ್ಯನನ್ನೇ ಕೇಂದ್ರ ಮಾಡಿಕೊಂಡು ಉತ್ಕೇಂದ್ರತೆ ತೆಗೆದರೆ, ಯಾವ ದಿನಾಂಕಕ್ಕೆ ತೆಗೆದಿರಿ ಎನ್ನುವುದರ ಮೇಲೆ ಅದು 1ರ ಈಚೆಗೂ ಆಚೆಗೂ ಜಾರಬಹುದು.

ಅದಕ್ಕೇ ಬಲ್ಲವರು ಎರಡು ಕೆಲಸ ಮಾಡುತ್ತಾರೆ. ಧೂಮಕೇತುವನ್ನು ಕಂಪ್ಯೂಟರಿನಲ್ಲಿ ಹಿಂದಕ್ಕೆ ಓಡಿಸುತ್ತಾರೆ, ಎಲ್ಲ ಗ್ರಹಗಳ ಎಳೆತವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಗ್ರಹಗಳ ಗದ್ದಲ ಮುಗಿಯುವಷ್ಟು ದೂರಕ್ಕೆ. ಆಮೇಲೆ ಸೂರ್ಯನ ಬದಲು ಇಡೀ ಸೌರವ್ಯೂಹದ ತೂಕದ ಕೇಂದ್ರದಿಂದ ಅಳೆಯುತ್ತಾರೆ. ಹೀಗೆ ಸಿಗುವುದೇ 'ಮೂಲ ಕಕ್ಷೆ'. ಯುಎನ್271 ಬಂದ ದಾರಿಯ ಅತಿ ದೂರದ ತುದಿ ಹೀಗೆ ಸುಮಾರು 40,400 ಖ.ಮಾ. ಎಂದು ಬಂತು, ಕಂಡುಹಿಡಿದವರೇ ಕೊಟ್ಟ ತಪ್ಪಿನ ಅಂದಾಜು 260 ಖ.ಮಾ. ಮಾತ್ರ. ಬೆಳಕಿಗೇ ಏಳೂವರೆ ತಿಂಗಳಿಗೂ ಮಿಕ್ಕಿದ ದಾರಿ. ಆ ತುದಿಯಲ್ಲಿ ಅದರ ವೇಗ ಗಂಟೆಗೆ ಹನ್ನೆರಡರಿಂದ ಹದಿನಾರು ಕಿಲೋಮೀಟರ್, ಅಂದರೆ ಆರಾಮಾಗಿ ಸೈಕಲ್ ತುಳಿಯುವವನ ವೇಗ.

ಹಾಗಾದರೆ ಆ 80,000 ವರ್ಷ?

ಈಗ ಕೆಳಗಿನ ಮನೆಯ ಹುಡುಗಿಗೆ ಉತ್ತರ. ತ್ಸುಚಿನ್‌ಶಾನ್-ಅಟ್ಲಾಸ್ ಸೂರ್ಯನಿಗೆ 0.39 ಖ.ಮಾ. ಹತ್ತಿರ ಬಂದಿತ್ತು. ಅದರ ಉತ್ಕೇಂದ್ರತೆ 0.99979 ಎಂದು ಇಟ್ಟುಕೊಂಡರೆ ಸುತ್ತು ಬರಲು ಸುಮಾರು 80,000 ವರ್ಷ. 0.99998 ಎಂದರೆ 27 ಲಕ್ಷ ವರ್ಷ. ನಾಲ್ಕನೇ ದಶಾಂಶದಲ್ಲಿ ಎರಡರ ವ್ಯತ್ಯಾಸ, ಅಷ್ಟೇ! ಸೂರ್ಯನ ಹತ್ತಿರ ಇದ್ದಾಗಿನ ಲೆಕ್ಕದಲ್ಲಂತೂ ಅದು 1.0001ರ ಆಸುಪಾಸು, ಅದರಿಂದ ಕಾಲಾವಧಿ ಎನ್ನುವುದೇ ಹುಟ್ಟುವುದಿಲ್ಲ. ಅದು ಬಂದದ್ದು ತುಂಬ ದೂರದ ಊರ್ಟ್ ಮೋಡದಿಂದ, ಅಂದರೆ ಸೌರವ್ಯೂಹದ ಹೊರ ಅಂಚಿನಲ್ಲಿರುವ ಧೂಮಕೇತುಗಳ ಉಗ್ರಾಣದಿಂದ. "80,000 ವರ್ಷಕ್ಕೊಮ್ಮೆ" ಎನ್ನುವಾಗಿನ 'ಒಮ್ಮೆ' ಎನ್ನುವ ಪದವೇ ನನಗೆ ಕಿರಿಕಿರಿ. ಬಿಎಂಟಿಸಿ ಬಸ್ಸಿಗಾದರೆ ಸರಿ, ಇಂಥ ಧೂಮಕೇತುಗಳಿಗೆ ವೇಳಾಪಟ್ಟಿ ಇಲ್ಲ. ಹೋಗುವಾಗ ಗ್ರಹಗಳು ಎಳೆದು ತಳ್ಳಿ ಬಂದ ಕಕ್ಷೆಯನ್ನೇ ಬದಲಿಸಿಬಿಟ್ಟಿರುತ್ತವೆ. ಯುಎನ್271 ಬರುವಾಗಿನ ಲೆಕ್ಕದಲ್ಲಿ ಒಂದು ಸುತ್ತು ಸುಮಾರು 30 ಲಕ್ಷ ವರ್ಷ, ಹೋಗುವಾಗಿನದರಲ್ಲಿ ಸುಮಾರು 45 ಲಕ್ಷ.

ಲಕ್ಷಾಂತರ ವರ್ಷ ಹಿಂದಕ್ಕೆ ಓಡಿಸಿದರೆ ತಪ್ಪು ಬೆಳೆಯುವುದಿಲ್ಲವಾ?

ಬೆಳೆಯುತ್ತದೆ. ಅದಕ್ಕೆ ಒಂದೇ ಧೂಮಕೇತುವನ್ನು ಓಡಿಸುವುದಿಲ್ಲ. ಅಳತೆಯ ತಪ್ಪಿನ ಮಿತಿಯೊಳಗೆ ಎಷ್ಟು ಬಗೆಯ ಕಕ್ಷೆ ಸಾಧ್ಯವೋ ಅಷ್ಟಕ್ಕೂ ಒಂದೊಂದು ನಕಲು ಮಾಡಿ ಎಲ್ಲವನ್ನೂ ಓಡಿಸುತ್ತಾರೆ. ನಕಲುಗಳು ಗುಂಪಾಗಿ ಉಳಿದರೆ ನಂಬಬಹುದು, ದಿಕ್ಕಾಪಾಲಾದರೆ ಅಲ್ಲಿಗೆ ನಿಲ್ಲಿಸಬೇಕು.

ಅಷ್ಟು ದೂರದಲ್ಲಿ ಸೂರ್ಯನ ಹಿಡಿತ ಸಡಿಲ. ಇಡೀ ಆಕಾಶಗಂಗೆಯ ಎಳೆತ ನಿಧಾನವಾಗಿ ಕಕ್ಷೆಯನ್ನು ಹಿಂಡುತ್ತದೆ. ದಾರಿಯಲ್ಲಿ ಹೋಗುವ ನಕ್ಷತ್ರಗಳೂ ತಟ್ಟಿ ಹೋಗುತ್ತವೆ. ಗಾಯಾ ಉಪಗ್ರಹ ನಕ್ಷತ್ರಗಳ ಚಲನೆ ಅಳೆದು ಕೊಟ್ಟ ಮೇಲೆ ಯಾವ ನಕ್ಷತ್ರ ಯಾವಾಗ ಹತ್ತಿರ ಬಂದಿತ್ತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬಹುದಾಗಿದೆ. ಇದನ್ನೆಲ್ಲ ಸೇರಿಸಿ ನೋಡಿದಾಗ ಯುಎನ್271 ಹಿಂದಿನ ಸುತ್ತಿನಲ್ಲಿ ಸೂರ್ಯನಿಗೆ ಸುಮಾರು 18 ಖ.ಮಾ.ವರೆಗೆ, ಅಂದರೆ ಯುರೇನಸ್‌ನ ಆಸುಪಾಸಿನವರೆಗೆ, ಮಾತ್ರ ಬಂದಿತ್ತು ಎಂದು ತಿಳಿಯಿತು. ಗೊತ್ತಿಲ್ಲದ ನಕ್ಷತ್ರವೊಂದು ಅಡ್ಡ ಹೋಗಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗು.

ಧೂಮಕೇತುಗಳಿಗೆ ಇನ್ನೊಂದು ತಂಟೆ ಇದೆ. ಬಿಸಿಲಿಗೆ ಹಿಮ ಆವಿಯಾಗಿ ಚಿಮ್ಮುವಾಗ ರಾಕೆಟ್ಟಿನಂತೆ ತಮ್ಮನ್ನೇ ತಾವು ತಳ್ಳಿಕೊಳ್ಳುತ್ತವೆ. ಪುಟ್ಟ ಧೂಮಕೇತು ಸೂರ್ಯನ ಹತ್ತಿರ ಹೋದಾಗ ಈ ತಳ್ಳಾಟ ಲೆಕ್ಕ ಕೆಡಿಸುತ್ತದೆ. ಇದು ದೈತ್ಯ, ಇರುವುದೂ ದೂರ. ಇದರ ಮಟ್ಟಿಗೆ ಆ ಚಿಂತೆ ಇಲ್ಲ.

ಊರ್ಟ್ ಮೋಡವನ್ನು ಯಾರೂ ನೋಡಿಲ್ಲ. ಇದೆ ಅಂತ ಹೇಗೆ ನಂಬೋದು?

ನೋಡಿಲ್ಲ, ನಿಜ. 1932ರಲ್ಲಿ ಎಸ್ಟೋನಿಯಾದ ಎರ್ನ್‌ಸ್ಟ್ ಓಪಿಕ್ ಇಂಥದೊಂದು ಯೋಚನೆ ಮುಂದಿಟ್ಟ. 1950ರಲ್ಲಿ ನೆದರ್ಲೆಂಡ್ಸ್‌ನ ಯಾನ್ ಊರ್ಟ್ ಕಕ್ಷೆ ಚೆನ್ನಾಗಿ ಗೊತ್ತಿದ್ದ ಬರೀ 19 ಧೂಮಕೇತುಗಳ ಮೂಲ ಕಕ್ಷೆಗಳನ್ನು ಸಾಲಾಗಿ ಜೋಡಿಸಿ ನೋಡಿದ. ಬಹಳಷ್ಟು ಒಂದೇ ಕಡೆ ಗುಂಪುಗೂಡಿದ್ದವು, ಹತ್ತಾರು ಸಾವಿರ ಖ.ಮಾ. ದೂರದಲ್ಲಿ. ಒಂದೇ ಒಂದು ಸಲ ಗ್ರಹಗಳ ನಡುವೆ ಹಾದು ಹೋದರೂ ಸಾಕು, ಗುರು ಗ್ರಹದ ತಳ್ಳಾಟಕ್ಕೆ ಅವು ಆ ಗುಂಪಿನಿಂದ ಚೆದುರಿಹೋಗಬೇಕು. ಗುಂಪು ಇನ್ನೂ ಕಾಣುತ್ತಿದೆ ಎಂದರೆ ಇವು ಮೊದಲ ಸಲ ಬರುತ್ತಿರುವವು, ಹಿಂದೆ ದೊಡ್ಡ ಉಗ್ರಾಣವೊಂದು ಇದೆ. ಹತ್ತೊಂಬತ್ತು ಸಾಲು ಅಂಕಿಯಿಂದ ಇಷ್ಟನ್ನು ತೆಗೆದದ್ದು ನನಗೆ ಈಗಲೂ ಮೈ ಜುಮ್ಮೆನಿಸುವ ಸಂಗತಿ.

ಅಂದರೆ ಅದು ಅಲ್ಲೇ ಹುಟ್ಟಿದ್ದಾ?

ಅಲ್ಲ. ಅಷ್ಟು ದೂರದಲ್ಲಿ ಇಂಥದ್ದು ಕಟ್ಟಿಕೊಳ್ಳುವಷ್ಟು ಸಾಮಗ್ರಿ ಇರಲಿಲ್ಲ. ದೈತ್ಯ ಗ್ರಹಗಳ ನೆರೆಹೊರೆಯಲ್ಲಿ ಹುಟ್ಟಿ, ಅವುಗಳಿಂದಲೇ ಹೊರಕ್ಕೆ ಎಸೆಯಲ್ಪಟ್ಟು, ಆಕಾಶಗಂಗೆಯ ಎಳೆತಕ್ಕೆ ಸಿಕ್ಕಿ ಅಲ್ಲೇ ಉಳಿದವು ಎನ್ನುವುದು ಈಗಿನ ತಿಳಿವಳಿಕೆ. ಹುಟ್ಟೂರು ಒಂದು, ನೆಲೆಸಿದ ಊರು ಇನ್ನೊಂದು. ಕಕ್ಷೆಯಿಂದ ಗೊತ್ತಾಗುವುದು ಎರಡನೆಯದು ಮಾತ್ರ.

ನಿಜವಾಗಿಯೂ ಬೇರೆ ನಕ್ಷತ್ರದಿಂದ ಬಂದವು ಯಾವುವು?

ಇಲ್ಲಿ ಕೂದಲೆಳೆಯ ಜಗಳವೇ ಇಲ್ಲ. 2017ರ ಔಮುವಾಮುವಾ ಉತ್ಕೇಂದ್ರತೆ 1.2. ಗೆನ್ನಡಿ ಬೊರಿಸೊವ್ ಎಂಬ ಹವ್ಯಾಸಿ ತಾನೇ ಕಟ್ಟಿದ ದೂರದರ್ಶಕದಲ್ಲಿ 2019ರ ಆಗಸ್ಟ್ 30ರಂದು ಹಿಡಿದದ್ದು 3.36. 2025ರ ಜುಲೈ 1ರಂದು ಸಿಕ್ಕ 3ಐ/ಅಟ್ಲಾಸ್ 6ಕ್ಕೂ ಮೇಲೆ. ಸೂರ್ಯನ ಹಿಡಿತಕ್ಕೆ ಬರುವ ಮೊದಲೇ ಸೆಕೆಂಡಿಗೆ 58 ಕಿಲೋಮೀಟರ್ ವೇಗ. ಮೂರು ಮೀಟರ್ ಎಲ್ಲಿ, 58 ಕಿಲೋಮೀಟರ್ ಎಲ್ಲಿ?

ಮೋಸ ಹೋಗುವ ಉದಾಹರಣೆಯೂ ಉಂಟು. ಸಿ/1980 ಇ1 ಬೋವೆಲ್ ಧೂಮಕೇತುವಿನ ಉತ್ಕೇಂದ್ರತೆ 1.057. ಆದರೆ ಅದು ನಮ್ಮದೇ. ಗುರು ಗ್ರಹಕ್ಕೆ ತೀರ ಹತ್ತಿರ ಹೋಗಿ ಒದೆ ತಿಂದು ಹೊರಗೆ ಹೋಯಿತು. ಹಿಂದಕ್ಕೆ ಓಡಿಸಿ ನೋಡದೆ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ.

ಯುಎನ್271 ಎಷ್ಟು ದೊಡ್ಡದು? ಭೂಮಿಗೆ ಬಡಿಯುತ್ತಾ?

2022ರ ಜನವರಿಯಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳಿಂದ ಗಟ್ಟಿ ತಿರುಳಿನ ಅಡ್ಡಳತೆ ಸುಮಾರು 120 ಕಿಲೋಮೀಟರ್ ಎಂದು ಬಂತು. ಬೆಂಗಳೂರಿನಿಂದ ಮೈಸೂರಿಗಿಂತ ಸ್ವಲ್ಪ ಕಡಿಮೆ. ಇದ್ದಿಲಿನಂತೆ ಕಪ್ಪು. ಭೂಮಿಗೆ ಬಡಿಯುವುದಿಲ್ಲ. ಹತ್ತಿರ ಬಂದಾಗಲೂ ಶನಿಯ ಕಕ್ಷೆಯಿಂದ ಹೊರಗೇ ಇರುತ್ತದೆ. ಬರಿಗಣ್ಣಿಗೂ ಕಾಣುವುದಿಲ್ಲ.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತಾ?

ಬೃಹತ್ಸಂಹಿತೆಯಲ್ಲಿ ವರಾಹಮಿಹಿರ ಕೇತುಗಳಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಅವು ಯಾವಾಗ ಕಾಣಿಸುತ್ತವೆ, ಯಾವಾಗ ಮರೆಯಾಗುತ್ತವೆ ಎಂದು ಗಣಿತದಿಂದ ತಿಳಿಯಲಾಗದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತಾನೆ. ಫಲ ಹೇಳುವ ಭಾಗಕ್ಕಿಂತ ನನಗೆ ಆ ಒಪ್ಪಿಗೆಯೇ ಇಷ್ಟ.

ಈಚಿನ ಕಾಲಕ್ಕೆ ಬಂದರೆ ವೇಣು ಬಾಪ್ಪು ಅವರನ್ನು ನೆನೆಯಬೇಕು. 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಫೋಟೋ ತಟ್ಟೆಯಲ್ಲಿ ಧೂಮಕೇತು ಹಿಡಿದರು. ಅದು ಬಾಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದವರೂ ಅವರೇ. ಆ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ.

ನಾನೇ ಲೆಕ್ಕ ಹಾಕಿ ನೋಡಬಹುದಾ?

ಖಂಡಿತ, ದುಡ್ಡೂ ಬೇಡ. ಮೈನರ್ ಪ್ಲಾನೆಟ್ ಸೆಂಟರ್ ಪ್ರತಿ ಧೂಮಕೇತುವಿನ ವೀಕ್ಷಣೆಗಳನ್ನೂ ಬಿಟ್ಟಿಯಾಗಿ ಕೊಡುತ್ತದೆ. ಫೈಂಡ್ ಆರ್ಬ್ ಎಂಬ ಉಚಿತ ತಂತ್ರಾಂಶಕ್ಕೆ ಅದನ್ನು ಸುರಿದರೆ ಕಕ್ಷೆ ಬರುತ್ತದೆ. ಮೊದಲು ಬರೀ ಒಂದು ವಾರದ ವೀಕ್ಷಣೆ ಕೊಟ್ಟು ನೋಡಿ, ಆಮೇಲೆ ಒಂದು ತಿಂಗಳು, ಆಮೇಲೆ ಒಂದು ವರ್ಷ. ಉತ್ಕೇಂದ್ರತೆಯ ಮುಂದಿನ ತಪ್ಪಿನ ಅಂಕಿ ಕರಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ.

ಲೆಕ್ಕ ಬೇಡ, ಸಂಖ್ಯೆ ಸಾಕು ಎಂದರೆ ನಾಸಾದ ಜೆಪಿಎಲ್ ಹೊರೈಜನ್ಸ್ ಇದೆ. ಅಲ್ಲಿ ಕಕ್ಷೆಯ ಅಂಶಗಳನ್ನು ಕೇಳುವಾಗ ಕೇಂದ್ರವನ್ನು ಸೂರ್ಯನಿಂದ ಸೌರವ್ಯೂಹದ ಬ್ಯಾರಿಸೆಂಟರ್‌ಗೆ (ಮೇಲೆ ಹೇಳಿದ ತೂಕದ ಕೇಂದ್ರ) ಬದಲಿಸಿ, ದಿನಾಂಕವನ್ನು ಒಮ್ಮೆ 1900ಕ್ಕೂ ಇನ್ನೊಮ್ಮೆ 2150ಕ್ಕೂ ಇಡಿ. ಮೊದಲನೆಯದು ಬಂದ ಕಕ್ಷೆ, ಎರಡನೆಯದು ಹೋಗುವ ಕಕ್ಷೆ. ಕೇಂದ್ರ ಬದಲಿಸುವುದನ್ನು ಮರೆತು ನಾನು ಒಂದಿಡೀ ಭಾನುವಾರ ಕಳೆದುಕೊಂಡಿದ್ದೇನೆ.